ಹಗೇವಿನ ಹುಲೆಪ್ಪ ಮತ್ತು ದಿನ್ನೆಯ ಗುಂಡಿ

ನಾಗಣಸೂರಿನ ಹುಲೆಪ್ಪ ಹಗೇವು ತೋಡುವವ. ಜೋಳ ತುಂಬಿಡುವ ಆ ನೆಲಗಣಜಕ್ಕೆ ಬಾಯಿ ಎಷ್ಟು ಕಿರಿದಿರಬೇಕು, ಹೊಟ್ಟೆ ಎಷ್ಟು ಅಗಲವಿರಬೇಕು, ಎಲ್ಲಿ ನೀರು ಜಿನುಗುತ್ತದೆ ಎಂಬುದನ್ನು ಮಣ್ಣು ಮೂಸಿಯೇ ಹೇಳುತ್ತಿದ್ದ. ಹಾಗಾಗಿ ಐವತ್ತೇಳರ ಚಳಿಗಾಲದಲ್ಲಿ ಬೋರಿ ಹೊಳೆಯ ದಂಡೆಯ ಹಾಳು ದಿನ್ನೆಯಲ್ಲಿ ಉತ್ಖನನ ಶುರುವಾದಾಗ, ಆಳು ಬೇಕೆಂದವರಿಗೆ ಊರ ಗೌಡರು ಮೊದಲು ಅವನ ಹೆಸರನ್ನೇ ಹೇಳಿದರು.

ಮೊದಲ ದಿನವೇ ಅವನ ತಲೆ ಕೆಟ್ಟಿತು. ಉತ್ಖನನದ ಶಿವಾನಂದ ಸಾಹೇಬರು ಸೊಲ್ಲಾಪುರದ ಹುಡುಗ, ಪುಣೆಯಲ್ಲಿ ಓದಿದವರು. ಹುಲೆಪ್ಪನ ಗುದ್ದಲಿ ಕೆಳಗಿಡಿಸಿ ಕೈಗೆ ಒಂದು ಚಾಕು, ಒಂದು ಕುಂಚ ಕೊಟ್ಟರು.

"ಹಳೂ ಕೆರೀರಿ ಮಾಮಾ. ಘಾಯಿ ಮಾಡಬ್ಯಾಡ್ರಿ, ಅವಸರ ಬ್ಯಾಡ."

ನಾಲ್ಕು ದಿನದಲ್ಲಿ ಎರಡಾಳು ಆಳದ ಹಗೇವು ಮುಗಿಸುವವನು, ಇಲ್ಲಿ ನಾಲ್ಕು ದಿನಕ್ಕೆ ಒಂದು ಗೇಣು ಇಳಿದಿದ್ದ. ಸಿಕ್ಕ ಒಡೆದ ಮಡಕೆಯ ಬೋಕಿಗಳನ್ನೆಲ್ಲ ತೊಳೆದು, ಒಣಗಿಸಿ, ಒಂದೊಂದರ ಮೇಲೂ ನಂಬರು ಬರೆಯುತ್ತಿದ್ದರು. ಮನೆಯಲ್ಲಿ ಅದನ್ನು ಹೇಳಿದರೆ ಹೆಂಡತಿ ಗುರಮ್ಮ ಬಿದ್ದು ಬಿದ್ದು ನಕ್ಕಳು.

"ನನ್ನ ಒಡದ ಗಡಿಗೀನೂ ಒಯ್ಯಿರಿ. ಅದಕ್ಕೂ ನಂಬರ ಹಾಕ್ಲಿ."

ಮೂರನೆಯ ವಾರ ಹಳದಿ ಮಣ್ಣಿನ ನಡುವೆ ದುಂಡಗಿನ ಕಪ್ಪು ಕಲೆಯೊಂದು ಕಾಣಿಸಿತು. ಕೆರೆಯುತ್ತ ಹೋದಂತೆ ಅದು ಗುಂಡಿಯಾಯಿತು. ಬಾಯಿ ಕಿರಿದು, ಒಳಗೆ ಅಗಲ, ಗೋಡೆಗೆ ಮಣ್ಣು ಮೆತ್ತಿದ ಗುರುತು. ಶಿವಾನಂದರ ಮುಖ ಅರಳಿತು. ಮೂರು ಸಾವಿರ ವರ್ಷದ ಹಿಂದಿನ ಜನ ಇದರಲ್ಲಿ ವಾಸ ಮಾಡುತ್ತಿದ್ದರೆಂದು ಅಲ್ಲೇ ನಿಂತು ಬರೆದುಕೊಂಡರು.

"ಇದು ಮನಿ ಅಲ್ಲರಿ ಸಾಹೇಬ್ರ, ಹಗೇವು," ಎಂದ ಹುಲೆಪ್ಪ.

"ಅವರ ಕಾಲದಾಗ ಎಲ್ಲೀ ಹಗೇವು ಮಾಮಾ? ಪುಸ್ತಕದಾಗ ವಾಸದ ಗುಂಡಿ ಅಂತ ಐತಿ."

"ಇದರಾಗ ಮನಷ್ಯಾ ಕಾಲು ಚಾಚಿ ಮಲಗ್ತಾನೇನ್ರಿ? ಒಲಿ ಎಲ್ಲೈತಿ? ಮಳಿ ಬಂದ್ರ ಹೆಂಡ್ರು ಮಕ್ಕಳ್ನ ಕಟಗೊಂಡು ಈಜತಿದ್ರೇನು?"

ಆಳುಗಳು ನಕ್ಕರು. ಸಾಹೇಬರಿಗೆ ಅದು ಹಿಡಿಸಲಿಲ್ಲ. "ನಿಮ್ಮ ಕೆಲಸ ನೀವು ಮಾಡ್ರಿ," ಎಂದು ಅತ್ತ ಹೋದರು. ಎಂಟು ದಿನ ಹುಲೆಪ್ಪ ಅದನ್ನೇ ಹೇಳಿದ, ಎಂಟು ದಿನವೂ ಅದೇ ಉತ್ತರ. ಓದಿದವರ ಕಿವಿ ತೋಡಲು ಯಾವ ಗುದ್ದಲಿ ತರಬೇಕೋ ತಿಳಿಯದೆ ಅವನು ಹಲ್ಲು ಕಡಿದ. ಕಡೆಗೆ ಒಂದು ಮುಂಜಾನೆ ಚಾಕು, ಕುಂಚ ಎರಡನ್ನೂ ಸಾಹೇಬರ ಮುಂದಿಟ್ಟ.

"ಇವತ್ತು ನಮ್ಮೂರಾಗ ಅಮೃತಪ್ಪನ ಹಗೇವು ತಗೀತಾರ. ಬಂದು ನೋಡ್ರಿ. ಬರಲಿಲ್ಲಂದ್ರ ನಾಳಿಂದ ನಾ ಬರಾಂಗಿಲ್ಲ."

ಅಂಥ ಕೈಯನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಶಿವಾನಂದರು ಸೈಕಲ್ ಹತ್ತಿ ಬಂದರು. ಅಮೃತಪ್ಪನ ಅಂಗಳದಲ್ಲಿ ಹಗೇವಿನ ಬಾಯಿಗಲ್ಲು ಆಗ ತಾನೇ ಎತ್ತಿದ್ದರು. ಒಳಗಿನಿಂದ ಬಿಸಿ ಹುಳಿವಾಸನೆ ಬರುತ್ತಿತ್ತು. ಹುಲೆಪ್ಪ ಹಗ್ಗಕ್ಕೆ ದೀಪ ಕಟ್ಟುತ್ತಿದ್ದ. ಸಾಹೇಬರಿಗೆ ತಡೆಯಲಿಲ್ಲ. ಹೊತ್ತಾಗುತ್ತದೆ ಎನ್ನುತ್ತ ಒಂದು ಕಾಲು ಒಳಗೆ ಇಳಿಬಿಟ್ಟೇಬಿಟ್ಟರು.

ಹುಲೆಪ್ಪ ಅವರ ಅಂಗಿ ಹಿಡಿದು ಹಿಂದಕ್ಕೆಳೆದ. ಸಾಹೇಬರು ಅಂಗಳದಲ್ಲಿ ಅಂಗಾತ ಬಿದ್ದರು.

"ಹುಚ್ಚ ಹಿಡದೈತೇನ್ರಿ? ಈಗ ನೋಡ್ರಿ!"

ಅವನು ದೀಪ ಇಳಿಬಿಟ್ಟ. ಎದೆಯುದ್ದ ಇಳಿಯುವಷ್ಟರಲ್ಲಿ ಅದು ಪಕ್ಕನೆ ಆರಿತು. ಎರಡನೆಯ ಸಲ ಹಚ್ಚಿ ಇಳಿಸಿದ, ಮತ್ತೆ ಆರಿತು. ಶಿವಾನಂದರು ಹಗೇವಿನ ಬಾಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಕೆಟ್ಟ ಹವಾ ಕುಂತಿರ್ತೈತಿ. ಹೋದ ವರ್ಷ ಬೋರಾಮಣಿ ಊರಾಗ ಹಿಂಗ ಇಳದು ಇಬ್ಬರು ಸತ್ರು. ಇಂಥಾದ್ರಾಗ ನಿಮ್ಮ ಜನಾ ಸಂಸಾರ ಮಾಡ್ತಿದ್ರಂತ ಬರ್ಕೋತೀರಿ!"

ಕಂಬಳಿ ಬೀಸಿ ಬೀಸಿ ಗಾಳಿಯಾಡಿಸಿ, ಜೋಳವನ್ನೆಲ್ಲ ತೆಗೆದು, ದೀಪ ಉರಿಯುತ್ತಲೇ ಉಳಿದ ಮೇಲೆ ಇಬ್ಬರೂ ಇಳಿದರು. ಶಿವಾನಂದರು ಗೋಡೆಯ ಮೇಲೆ ಅಂಗೈ ಆಡಿಸಿದರು. ಕಾಳಿಗೆ ತೇವ ತಾಗದಂತೆ ಸುತ್ತ ಒತ್ತಿಟ್ಟ ಹುಲ್ಲಿನ ಗೆರೆಗಳು ಮೆತ್ತಿದ ಮಣ್ಣಿನಲ್ಲಿ ಅಚ್ಚೊತ್ತಿದ್ದವು.

ಮರುದಿನ ದಿನ್ನೆಯ ಗುಂಡಿಗೆ ಭೂತಗನ್ನಡಿ ಹಿಡಿದು ಇಳಿದರು. ಅಲ್ಲಿಯೂ ಅವೇ ಗೆರೆಗಳು. ತಳದ ಬೂದಿ ಸೋಸಿದಾಗ ಸುಟ್ಟು ಕರಿಯಾದ ಹುರುಳಿಯಂಥ ಕಾಳು ಒಂದು ಹಿಡಿ ಸಿಕ್ಕವು. ಸಾಹೇಬರು ತಮ್ಮ ಟಿಪ್ಪಣಿ ಪುಸ್ತಕ ತೆರೆದು ಅಂದು ಬರೆದದ್ದನ್ನು ಹೊಡೆದುಹಾಕಿದರು.

"ನಂದು ಚುಕ್ಲ ಮಾಮಾ, ನಂದ ತಪ್ಪು," ಎಂದರು.

ಹುಲೆಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಅದು ಎರಡು ದಿನ ಉಳಿದಿದ್ದರೆ ಹೆಚ್ಚು. ಈಗ ಸಾಹೇಬರು ಪ್ರತಿ ತೂತಿಗೂ ಅವನನ್ನು ಕೂಗತೊಡಗಿದರು. ಉಣ್ಣಲು ಕೂತರೂ ಕರೆ, ಎಲೆ ಅಡಿಕೆ ಬಾಯಿಗಿಟ್ಟರೂ ಕರೆ.

"ಮಾಮಾ, ಇದೂ ಹಗೇವೇನು?"

"ಇಲಿ ಬಿಲರಿ ಅದು!"

ಯುಗಾದಿ ದಾಟಿ ಬಿಸಿಲು ಏರಿದ ಮೇಲೆ ಉತ್ಖನನದವರು ತಮ್ಮ ಡೇರೆಗಳನ್ನು ಬಿಚ್ಚಿದರು. ಹೊರಡುವ ಮುನ್ನ, ಗಾಳಿ ಮಳೆಗೆ ಹಾಳಾಗದಂತೆ ಗುಂಡಿಗಳನ್ನೆಲ್ಲ ಮುಚ್ಚಬೇಕೆಂದು ಅಪ್ಪಣೆಯಾಯಿತು. ಮೂರು ತಿಂಗಳು ಕುಂಚದಲ್ಲಿ ಗುಡಿಸಿ ಗುಡಿಸಿ ತೆಗೆದದ್ದನ್ನು ಮತ್ತೆ ಮುಚ್ಚುವುದೇ! ಹುಲೆಪ್ಪ ಹಣೆ ಬಡಿದುಕೊಂಡ. ಆಳುಗಳು ಮಣ್ಣನ್ನು ಬುಟ್ಟಿಗಟ್ಟಲೆ ಸುರಿದು ಕೈ ಝಾಡಿಸಿ ಹೊರಟಾಗ ಅವನಿಗೆ ಇನ್ನೂ ಸಿಟ್ಟು ಬಂತು.

"ಬರ್ರಿ ಇಲ್ಲಿ! ಹಿಂಗ ಬಿಟ್ರ ಒಂದ ಮಳಿಗೆ ಕುಸೀತೈತಿ. ನೀರ ಚಿಮಕ್ಸಿ ತುಳೀರಿ."

ಬೈಯುತ್ತ ಬೈಯುತ್ತಲೇ ಸಂಜೆಯವರೆಗೆ ಎಲ್ಲರ ಕೈಯಲ್ಲೂ ತುಳಿಸಿದ, ತಾನೂ ತುಳಿದ.