ಯಾರ್ಮ್, ಯಾರಮ್ಮ ಅಲ್ಲ

ಇಂಗ್ಲೆಂಡಿನ ಉತ್ತರದಲ್ಲಿ ಟೀಸ್ ನದಿ ಮೂರು ಕಡೆಯಿಂದ ಬಳಸಿಕೊಂಡು ಹೋಗುವ ಪುಟ್ಟ ಊರು ಯಾರ್ಮ್. ಟೆಕ್ಸಸ್ಸಿಗೆ ಬರುವ ಮೊದಲು ನಾವು ಅಲ್ಲಿ ಎರಡು ವರ್ಷ ಇದ್ದೆವು. ಮಗಳು ಹುಟ್ಟಿದ್ದು ಅಲ್ಲೇ. ನಾನು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿ ಆ ಹೆಸರು ಸಿಕ್ಕಿದ್ದು ಎರಡೇ ಸಲ, ಅದೂ ಯಾರೋ ಕುದುರೆ ಬದಲಾಯಿಸಿ ಮುಂದೆ ಹೋಗುವ ಸಾಲುಗಳಲ್ಲಿ. ಕನ್ನಡದಲ್ಲಾದರೂ ಅದಕ್ಕೊಂದು ಜಾಗ ಸಿಗಲಿ ಎಂದು ಇಲ್ಲಿಯ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಎರಡು ಪುಟ ಬರೆದೆ.

ನಿಜ ಹೇಳಬೇಕೆಂದರೆ ಬರೆದದ್ದು ಮಗಳಿಗಾಗಿ. ಒಂಬತ್ತು ವರ್ಷದ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಆದರೂ ಪ್ರತಿ ಭಾನುವಾರ ನಾವಿರುವ ಅಲೆನ್‌ನಿಂದ ಇರ್ವಿಂಗ್‌ಗೆ ಡ್ರೈವ್ ಮಾಡಿ ಕನ್ನಡ ಕ್ಲಾಸಿಗೆ ಬಿಟ್ಟಿದ್ದಕ್ಕೆ ಅಕ್ಷರ ಕೂಡಿಸಿ ಓದುವಷ್ಟಾಗಿದೆ. ಅವಳು ತಾನಾಗಿ ಓದುವ ಮೊದಲ ಕನ್ನಡ ಬರಹ ಅವಳ ಊರಿನದೇ ಆಗಲಿ ಎಂಬ ಆಸೆಯಿಂದ ಚಿಕ್ಕ ಚಿಕ್ಕ ವಾಕ್ಯಗಳನ್ನೇ ಬರೆದಿದ್ದೆ.

ಸಂಚಿಕೆ ಬಂತು. ತೆರೆದರೆ ಊರೇ ಇಲ್ಲ! ಯಾರ್ಮ್ ಇದ್ದಲ್ಲೆಲ್ಲ ಯಾರಮ್ಮ. ‘ಯಾರಮ್ಮನ ಬೀದಿ ಬಹಳ ಅಗಲ.’ ‘ಯಾರಮ್ಮನ ತಲೆಯ ಮೇಲೆ ರೈಲು ಹೋಗುತ್ತದೆ.’ ನನಗೆ ಮೈಯೆಲ್ಲ ಉರಿದುಹೋಯಿತು. ಹೂಸ್ಟನ್ ಕಡೆ ಇರುವ ಸಂಪಾದಕ ಅಂಕಲ್‌ಗೆ ತಕ್ಷಣ ಫೋನ್ ಮಾಡಿದೆ.

“ಟೈಪಿಂಗ್ ತಪ್ಪಂತ ತಿಳದು ನಾನ ತಿದ್ದೇನ್ರಿ,” ಎಂದರು, ದೊಡ್ಡ ಉಪಕಾರ ಮಾಡಿದ ಧ್ವನಿಯಲ್ಲಿ. “ಹನ್ನೊಂದ್ ಕಡೆ ಅದ ತಪ್ಪು ಮಾಡೀರಿ ನೀವು!”

“ಅದು ಊರಿನ ಹೆಸರು, ಅಂಕಲ್.”

“ಹಂಗೂ ಊರಿನ ಹೆಸರು ಇರ್ತದೇನ್ರಿ?”

ಫುಲ್‌ಶೀರ್ ಎಂಬ ಊರಿನಲ್ಲಿ ಮನೆ ಮಾಡಿಕೊಂಡಿರುವ ಮನುಷ್ಯ ಕೇಳುವ ಪ್ರಶ್ನೆಯೇ ಇದು? ಕೂಟದ ವಾಟ್ಸಾಪ್ ಗುಂಪಿನಲ್ಲಿ ತಿದ್ದುಪಡಿ ಹಾಕುತ್ತೇನೆಂದರು. ಹಾಕಿದರು ಕೂಡ: ‘ಯಾರ್ಮ್ ಎಂದಿರುವಲ್ಲಿ ಯಾರಮ್ಮ ಎಂದು ಓದಿಕೊಳ್ಳಬೇಕಾಗಿ ವಿನಂತಿ.’ ಹಣೆ ಹಣೆ ಚಚ್ಚಿಕೊಂಡೆ.

ಸಂಚಿಕೆಯನ್ನು ಎಲ್ಲಾದರೂ ಬಚ್ಚಿಡೋಣವೆಂದು ನೋಡಿದರೆ ಅದಾಗಲೇ ಮಗಳ ಕೈಯಲ್ಲಿತ್ತು. ಮೊದಲ ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ, ಒಂದಕ್ಷರವೂ ತಪ್ಪದೆ ಓದಿದಳು: “ಮಗಳೇ, ನೀನು ಹುಟ್ಟಿದ್ದು ಯಾರಮ್ಮನಲ್ಲಿ.”

ಆಮೇಲೆ ನನ್ನ ಮುಖ ನೋಡಿದಳು.

“ಅಮ್ಮಾ, ಸೋ... ಯು ಆರ್ ನಾಟ್ ಮೈ ರಿಯಲ್ ಮಾಮ್?”

ಅಕ್ಷರ ಕೂಡಿಸುವುದಷ್ಟೇ ಬಂದಿದೆ ಎಂದುಕೊಂಡಿದ್ದೆ. ಹುಡುಗಿ ಅರ್ಥ ಮಾಡಿಕೊಂಡೇ ಓದಿದ್ದಳು.

“ನಾನೇ ಕಣೇ ನಿನ್ನಮ್ಮ,” ಎಂದು ತಬ್ಬಿಕೊಂಡೆ. ಊರನ್ನು ಆಮೇಲೆ ತಿದ್ದಿದರಾಯಿತು.