ಕುದುರೆಯಿಂದ ನಿಲ್ಲುವುದನ್ನು ಕಲಿತ ಲಾಡಲೇಸಾಬ

ಬಬಲೇಶ್ವರದ ಲಾಡಲೇಸಾಬ ಮೂವತ್ತು ತುಂಬುವ ತನಕ ನಿಂತು ಕೆಲಸ ಮಾಡಿದವನೇ ಅಲ್ಲ. ಬೇವಿನ ಗಿಡದ ನೆರಳಿಗೆ ಗೋಣಿತಟ್ಟು ಹಾಸಿ, ಗಿರಾಕಿಯನ್ನು ಎದುರಿಗೆ ಕೂಡಿಸಿ, ತಾನೂ ಕುಕ್ಕರಗಾಲಿನಲ್ಲಿ ಕೂತು ಕ್ಷೌರ ಮಾಡುವುದು ಅವರ ಮನೆತನದ ಪದ್ಧತಿ. ಅಪ್ಪ ಹಾಗೆಯೇ ಮಾಡಿದ, ಅಣ್ಣ ಸೈಫುದ್ದೀನನೂ ಹಾಗೆಯೇ ಮಾಡುತ್ತಿದ್ದ. ಒಂದೂರಿನ ಗಡ್ಡಗಳು ಇಬ್ಬರು ಅಣ್ಣತಮ್ಮಂದಿರಿಗೆ ಸಾಲುವುದಿಲ್ಲ ಎಂದು ಖಾತ್ರಿಯಾದಾಗ, 1971ರ ಬೇಸಿಗೆಯಲ್ಲಿ ಲಾಡಲೇಸಾಬ ಕತ್ತಿ, ಕತ್ತರಿ, ಸಾಣೆಕಲ್ಲು ಚೀಲಕ್ಕೆ ಹಾಕಿಕೊಂಡು ವಿಜಾಪುರದ ಬಸ್ಸು ಹತ್ತಿದ.

"ಇನ್ನ ನಾ ಕುರ್ಚಿ ಮ್ಯಾಲ ಕುಂತವರ ಗಡ್ಡ ಮಾಡಾಂವ!" ಎಂದು ಹೋಗುವಾಗ ಎದೆ ಉಬ್ಬಿಸಿದ್ದ.

"ಅವರು ಕುಂತಿರ್ತಾರಪಾ, ನಿಂದೇನು ಗತಿ?" ಎಂದು ಅಣ್ಣ ಕೇಳಿದ ಮಾತು ಬಸ್ಸಿನ ಧೂಳಿನಲ್ಲಿ ಹೋಯಿತು.

ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಟಾಂಗಾಗಳು ನಿಲ್ಲುವ ಜಾಗದ ಎದುರಿಗೇ ಶಾಂತಪ್ಪನ ಕಟಿಂಗ್ ಅಂಗಡಿ. ಎರಡು ತಿರುಗುವ ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ. ಒಂದು ಕುರ್ಚಿಯ ಹಿಂದೆ ಮಾಲಕ ಶಾಂತಪ್ಪ, ಇನ್ನೊಂದರ ಹಿಂದೆ ಲಾಡಲೇಸಾಬ. ಅಲ್ಲಿ ಒಂದು ಕಟ್ಟಳೆ ಇತ್ತು: ಕೆಲಸ ಮಾಡುವವನು ಅಂಗಡಿಯೊಳಗೆ ಕೂಡಬಾರದು, ಗಿರಾಕಿ ಇಲ್ಲದಾಗಲೂ. ಕೂತ ಕ್ಷೌರಿಕನನ್ನು ಕಂಡರೆ ಹಾದಿಹೋಕರು ಇಲ್ಲಿ ಕೆಲಸ ನೆಟ್ಟಗಿಲ್ಲ ಎಂದು ಮುಂದಿನ ಅಂಗಡಿಗೆ ಹೋಗುತ್ತಾರೆ ಎಂಬುದು ಶಾಂತಪ್ಪನ ಗಟ್ಟಿ ನಂಬಿಕೆ. ಮಂಗಳವಾರ ಬಿಟ್ಟರೆ ವಾರದ ಆರು ದಿನ, ಮುಂಜಾನೆ ಏಳರಿಂದ ದೀಪ ಹಚ್ಚುವ ತನಕ ನಿಂತೇ ಇರಬೇಕು.

ಮೂರನೆಯ ವರ್ಷಕ್ಕೆ ಲಾಡಲೇಸಾಬನ ಮೀನಖಂಡಗಳಲ್ಲಿ ನೀಲಿ ನರಗಳು ಎರೆಹುಳುಗಳಂತೆ ಎದ್ದು ಕೂತವು. ಮಧ್ಯಾಹ್ನಕ್ಕೆ ಹಿಮ್ಮಡಿಯಲ್ಲಿ ಶುರುವಾದ ನೋವು ಸಂಜೆಗೆ ಸೊಂಟಕ್ಕೆ ಬರುತ್ತಿತ್ತು. ಅವನು ಅದನ್ನು ಸಡಿಲ ಪಾಯಜಾಮದೊಳಗೆ ಮುಚ್ಚಿಟ್ಟ. ಊರಿನಲ್ಲಿ ಯಾರಿಗಾದರೂ ಚೇಳು ಕಡಿದರೆ ವಿಷ ಏರದಿರಲೆಂದು ಮೇಲೆ ದಾರ ಬಿಗಿಯುವುದನ್ನು ಹುಟ್ಟಿದಾಗಿನಿಂದ ನೋಡಿದವನು. ನೋವು ಕೆಳಗಿನಿಂದ ಮೇಲಕ್ಕೆ ಏರುತ್ತದೆಯಲ್ಲ, ಅದಕ್ಕೂ ಅದೇ ಮದ್ದು ಎಂದುಕೊಂಡು ದಿನಾ ಮುಂಜಾನೆ ಹೆಂಡತಿ ಮಾಬುಬಿಯ ಕೈಯಿಂದ ಮೊಣಕಾಲ ಕೆಳಗೆ ದಾರ ಕಟ್ಟಿಸಿಕೊಳ್ಳತೊಡಗಿದ. ಅವಳು ಗಟ್ಟಿ ಕೈಯವಳು. ದಾರ ಚರ್ಮದೊಳಗೆ ಹೂತು ಹೋಗುವಷ್ಟು ಬಿಗಿಯುತ್ತಿದ್ದಳು. ಪಾದ ಊದಿ ಚಪ್ಪಲಿ ಏರದಾಯಿತು. ಆದರೂ ಅವನು, "ಇನ್ನಷ್ಟು ಬಿಗಿ" ಎನ್ನುತ್ತಿದ್ದ.

1974ರ ರಮಜಾನ್ ಶುರುವಾಗಿ ವಾರವಾಗಿತ್ತು. ಗುರಲಿಂಗಪ್ಪ ಎಂಬ ಮಾಸ್ತರರ ಗಡ್ಡ ಮಾಡುವಾಗ ಲಾಡಲೇಸಾಬನ ಎಡಗಾಲು ಥಟ್ಟನೆ ಕುಸಿಯಿತು. ಕತ್ತಿ ಮಾಸ್ತರರ ಕಿವಿಯ ತುದಿಗೆ ತಾಗಿ ರಕ್ತ ಚಿಮ್ಮಿತು.

ಮಾಸ್ತರರು ಹೋದ ಮೇಲೆ ಶಾಂತಪ್ಪ ದನಿ ಏರಿಸದೆ ಹೇಳಿದ: "ಲಾಡಲ್ಯಾ, ನಿನ್ನ ಕೈಯಾಗ ಕಸರಿಲ್ಲ. ಕಾಲ ಕೈಕೊಟ್ಟಾವ. ಟಿಕೋಟದಾಗ ಮರೆಪ್ಪ ಅಂತ ಒಬ್ಬ ಅದಾನ, ಗಟ್ಟಿ ಆಳು. ನಿಮ್ಮ ಹಬ್ಬದ ಹಿಂದಿನ ದಿನಾ ಬರಾಕ ಹೇಳ್ತೇನಿ. ಅಂವ ಇಲ್ಲಿ ನಿಂತರ, ನೀ ಊರಿಗೆ ಹೋಗಿ ಗಿಡದ ಬುಡಕ ಆರಾಮ ಕುಂದರು."

ಊರಿನ ಗಿಡದ ಬುಡದಲ್ಲಿ ಈಗ ಅಣ್ಣನೊಬ್ಬನಿಗೇ ಜಾಗ. ಉಬ್ಬಿಸಿಕೊಂಡು ಬಂದ ಎದೆಯ ಬದಲು ಊದಿದ ಕಾಲು ಹೊತ್ತು ತಿರುಗಿ ಹೋಗಲು ಲಾಡಲೇಸಾಬ ತಯಾರಿರಲಿಲ್ಲ. ಕೈಯಲ್ಲಿ ಇನ್ನು ಉಳಿದದ್ದು ಇಪ್ಪತ್ತೆರಡೇ ದಿನ.

ಆ ಸಂಜೆ ಅವನು ಟಾಂಗಾಗಳ ಬಳಿಯ ಕಲ್ಲಿನ ಮೇಲೆ ಕೂತು ಪಾಯಜಾಮ ಮೇಲೆತ್ತಿದ್ದ. ಅವನು ಬಾಡಿಗೆಗಿದ್ದ ಇಬ್ರಾಹಿಂಪುರ ಓಣಿಯಲ್ಲಿ ಪಕ್ಕದ ಮನೆಯವನೇ ಆದ ಮುದಿ ಟಾಂಗಾವಾಲಾ ಬುಡ್ಡೇಸಾಬ ಬಗ್ಗಿ ನೋಡಿದ.

"ಇದೇನ ಕಾಲೋ, ಕುಂಬಳಕಾಯೋ? ಚೇಳು ಕಡದದೇನಲೇ?"

"ಇಲ್ಲ ಚಾಚಾ."

"ಮತ್ತ ದಾರ ಯಾಕ?"

"ನೋವು ಮ್ಯಾಲ ಏರಬಾರದಂತ."

ಬುಡ್ಡೇಸಾಬ ಕೆಮ್ಮು ಬರುವ ತನಕ ನಕ್ಕ. "ಏ ಹುಚ್ಚಾ, ನಿಂತು ನಿಂತು ರಕ್ತ ಕೆಳಗಿಳದು ಕುಂತದ. ಅದು ಮ್ಯಾಲ ಹೋಗಬೇಕು ಅಂತದ, ನೀ ಬಾಗಲಾ ಹಾಕಿ ಕೀಲಿ ಜಡದೀದಿ! ಬಾ ಇಲ್ಲಿ, ನಮ್ಮ ಬಿಜಲೀನ ನೋಡು."

ಬಿಜಲಿ ಅವನ ಕುದುರೆ. ಹೆಸರು ಮಿಂಚಿನದು, ನಡಿಗೆ ಎಮ್ಮೆಯದು. ಅದರ ಕಾಲಿಗೆ ಗೊರಸಿನ ಮೇಲಿನಿಂದ ಮೊಣಕಾಲ ತನಕ ಹಳೆಯ ಬಟ್ಟೆಯ ಪಟ್ಟಿ ಸುತ್ತಿತ್ತು.

"ಕೆಳಗಿಂದ ಸುತ್ತಕೋತ ಮ್ಯಾಲ ಬರಬೇಕು. ಕೆಳಗ ಬಿಗಿ, ಮ್ಯಾಲ ಸಡ್ಲ. ಅದೂ ಮುಂಜಾನೆ, ಕಾಲು ಊದೋಕಿಂತ ಮೊದಲ. ಇನ್ನೊಂದು ನೋಡು. ಇದು ದಿನಾ ಪೂರ್ತಿ ನಿಂತಽ ಇರ್ತದ. ಖರೇ, ನಾಕೂ ಕಾಲಿನ ಮ್ಯಾಲ ಭಾರ ಹಾಕಿ ನಿಂತೈತೇನು?"

ಲಾಡಲೇಸಾಬ ನೋಡಿದ. ಬಿಜಲಿ ಹಿಂದಿನ ಒಂದು ಕಾಲನ್ನು ಮಡಚಿ, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತ್ತು. ಸ್ವಲ್ಪ ಹೊತ್ತಿಗೆ ಆ ಕಾಲನ್ನು ಊರಿ ಇನ್ನೊಂದನ್ನು ಸಡಿಲ ಬಿಟ್ಟಿತು. ಮೂರು ವರ್ಷ ಕನ್ನಡಿಯಲ್ಲಿ ಇದೇ ಕುದುರೆಗಳನ್ನು ನೋಡಿದ್ದ. ಇದನ್ನು ಮಾತ್ರ ನೋಡಿರಲಿಲ್ಲ.

"ನಿನಕಿಂತ ನಮ್ಮ ಬಿಜಲಿ ಶಾಣೇಕಿ" ಎಂದ ಬುಡ್ಡೇಸಾಬ.

ಕೇಳಿ ಬಿಟ್ಟುಬಿಡುವವರು ಬಹಳ. ಲಾಡಲೇಸಾಬ ಕೇಳಿದ್ದನ್ನು ಮಾಡಿದ, ಮಾಡಿದ್ದನ್ನು ತಿದ್ದಿದ. ಅಲ್ಲೇ ಅವನ ದೊಡ್ಡತನ. ಮಾಬುಬಿ ಮಾವ ತಲೆಗೆ ಸುತ್ತುತ್ತಿದ್ದ ಹಳೆಯ ಪಟಗಾವನ್ನು ನಾಲ್ಕು ಬೆರಳಗಲ ಹರಿದಳು. ಮೊದಲ ದಿನ ಸುತ್ತಿದ್ದು ಮಧ್ಯಾಹ್ನಕ್ಕೇ ಬಿಚ್ಚಿ ಪಾಯಜಾಮದ ಕೆಳಗೆ ಬಾಲದಂತೆ ಜೋತಿತು. ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಎರಡನೆಯ ದಿನ ಮಾಬುಬಿ ಪಾದದ ಅಡಿಯಿಂದ ಎರಡು ಸುತ್ತು ತಂದು, ಕಣಕಾಲಿಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಏರಿಸಿದಳು. ಅದು ನಿಂತಿತು. ಉಪವಾಸದ ದಿನಗಳಲ್ಲಿ ಬೆಳಕು ಹರಿಯುವ ಮೊದಲು ಉಂಡು, ಗೋಡೆಗೆ ಕಾಲು ಆನಿಸಿ ಅರ್ಧ ತಾಸು ಮಲಗಿ, ನೆಲಕ್ಕೆ ಕಾಲಿಡುವ ಮುಂಚೆಯೇ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ.

ಅಂಗಡಿಗೂ ಒಂದು ಇಟ್ಟಿಗೆ ಹೊತ್ತುಕೊಂಡು ಬಂದ. ಬಲಗೆನ್ನೆ ಮಾಡುವಾಗ ಅದರ ಮೇಲೆ ಎಡಗಾಲು, ಎಡಗೆನ್ನೆಗೆ ಬಲಗಾಲು.

"ಏನೋ ಇದು ಕುಣಿತಾ?" ಎಂದ ಶಾಂತಪ್ಪ.

"ಕುಂದರಬ್ಯಾಡ ಅಂದೀರಿ ಮಾಲಕರ. ಕಾಲ ಎತ್ತಿ ಇಡಬ್ಯಾಡ ಅಂದಿಲ್ಲಲ್ರಿ."

ಶಾಂತಪ್ಪ ತನ್ನ ಗಿರಾಕಿಯ ಕಡೆ ತಿರುಗಿ ಕತ್ತರಿ ಆಡಿಸತೊಡಗಿದ. ನೋವು ಪೂರಾ ಹೋಯಿತೆಂದರೆ ಸುಳ್ಳಾದೀತು. ನರಗಳು ಎದ್ದಲ್ಲೇ ಇದ್ದವು. ಆದರೆ ಹತ್ತನೆಯ ದಿನ ಚಪ್ಪಲಿ ಪಾದಕ್ಕೆ ಏರಿತು.

ಹಬ್ಬದ ಹಿಂದಿನ ದಿನ ಮರೆಪ್ಪ ಬಂದ. ಇಪ್ಪತ್ತೈದರ ಪ್ರಾಯ, ಬಾಗಿಲ ಕಂಬದಂಥ ಕಾಲುಗಳು. ಶಾಂತಪ್ಪ ತನ್ನ ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡತೊಡಗಿದ. ಗಿರಾಕಿಗಳು ಬೀದಿಯ ತನಕ ಸಾಲುಗಟ್ಟಿದ್ದರು. ಮಧ್ಯಾಹ್ನದ ತನಕ ಮರೆಪ್ಪನದೇ ಕೈ ಮೇಲಾಗಿತ್ತು. ಎರಡೂ ಕಾಲು ನೆಲಕ್ಕೆ ನೆಟ್ಟು ಸರಸರ ಕತ್ತರಿ ಆಡಿಸುತ್ತಿದ್ದ. ಲಾಡಲೇಸಾಬನ ಹೊಟ್ಟೆಯಲ್ಲಿ ನೀರಿನ ಹನಿ ಇಲ್ಲ. ಕಾಲು ಬದಲಿಸುತ್ತ, ಕುರ್ಚಿಯ ಸುತ್ತ ಸಣ್ಣ ಹೆಜ್ಜೆ ಹಾಕುತ್ತ ತನ್ನ ಪಾಡಿಗೆ ಮಾಡುತ್ತಿದ್ದ.

ಮೂರರ ಸುಮಾರಿಗೆ ಮರೆಪ್ಪ ಗಿರಾಕಿಯ ಹೆಗಲ ಮೇಲೆ ಮೊಣಕೈ ಊರಿದ. ನಾಲ್ಕಕ್ಕೆ ಕುರ್ಚಿಗೆ ಹೊಟ್ಟೆ ಒತ್ತಿ ನಿಂತ. ಕುರ್ಚಿ ತಿರುಗುವ ಜಾತಿಯದು. ಗಿರಾಕಿ ಒಂದು ಕಡೆ ತಿರುಗಿದ, ಮರೆಪ್ಪ ಇನ್ನೊಂದು ಕಡೆ ಜಾರಿದ, ಬ್ರಶ್ಶಿನ ನೊರೆ ಕನ್ನಡಿಗೆ ಬಡಿಯಿತು.

"ಹತ್ತು ಹರದಾರಿ ನಡಿ ಅನ್ರಿ, ನಡೀತೇನಿ" ಎಂದು ಹೊಸ್ತಿಲ ಮೇಲೆ ಕುಸಿದ ಮರೆಪ್ಪ ಮೀನಖಂಡ ಹಿಡಿದುಕೊಂಡ. "ಹಿಂಗ ಒಂದಽ ಕಡೆ ನಿಲ್ಲೋದು ನನ್ನ ಕಡಿಂದ ಆಗಂಗಿಲ್ರೀ ಯಪ್ಪಾ."

ಲಾಡಲೇಸಾಬ ನಗಲಿಲ್ಲ. ಕೈಯಲ್ಲಿದ್ದ ಗಡ್ಡ ಮುಗಿಸಿ ಬಂದು, ಅವನ ಕಾಲನ್ನು ಕೆಳಗಿನಿಂದ ಮೇಲಕ್ಕೆ ನಾಲ್ಕು ಸಲ ನೀವಿ, "ಸ್ವಲ್ಪ ಹೊತ್ತು ಕಾಲ ಮ್ಯಾಲಿಟ್ಟು ಮಲಗು ತಮ್ಮಾ" ಎಂದು ಹೇಳಿ ಮುಂದಿನ ಗಿರಾಕಿಯನ್ನು ಕರೆದ. ಆಮೇಲೆ ಶಾಂತಪ್ಪನೂ ತನ್ನ ಕುರ್ಚಿಗೆ ಮರಳಿದ. ಸೂರ್ಯ ಮುಳುಗಿದಾಗ ಲಾಡಲೇಸಾಬ ಒಂದು ಖರ್ಜೂರ, ಒಂದು ತಂಬಿಗೆ ನೀರು ತೆಗೆದುಕೊಂಡು ಮತ್ತೆ ಕತ್ತರಿ ಹಿಡಿದ.

ಕೊನೆಯ ಗಿರಾಕಿ ಹೋದ ಮೇಲೆ ಶಾಂತಪ್ಪ ಹೇಳಿದ: "ಪಟ್ಟಿ ಬಿಚ್ಚು, ನೋಡೋಣ."

ಲಾಡಲೇಸಾಬ ಬಿಚ್ಚಿದ. ಪಾದ ಪಾದದಂತೆಯೇ ಇತ್ತು. ಶಾಂತಪ್ಪ ಬಗ್ಗಿ ಅದನ್ನು ಬೆರಳಿನಿಂದ ಒತ್ತಿ ನೋಡಿದ. ಮರೆಪ್ಪನಿಗೆ ಊಟ ಮಾಡಿಸಿ ಟಿಕೋಟದ ಬಸ್ಸು ಹತ್ತಿಸಿ ಬಂದವನು ಬೀಗ ಹಾಕುತ್ತ, ಮುಖ ತಿರುಗಿಸದೆ ಅಂದ: "ನಾಡದು ಏಳಕ್ಕ ಬಾ. ಬರೋವಾಗ ಇನ್ನೊಂದು ಇಟ್ಟಂಗಿ ತಗೊಂಡು ಬಾ. ನನ್ನ ಕುರ್ಚಿ ಹಿಂದ ಇಡಾಕ."

ಮರುದಿನ ನಮಾಜು ಮುಗಿಸಿ, ಹೊಸ ಅಂಗಿ ತೊಟ್ಟು, ಮಾಬುಬಿಯನ್ನು ಕರೆದುಕೊಂಡು ಅಣ್ಣನ ಮನೆಗೆಂದು ಬಬಲೇಶ್ವರದ ಬಸ್ಸು ಹತ್ತಿದರೆ, ಒಳಗೆ ಕಾಲಿಡಲು ಜಾಗವಿಲ್ಲ. ಮಲಕವ್ವ ಎಂಬ ಕಾಯಿಪಲ್ಲೆ ಮಾರುವ ಮುದುಕಿ ಮಾಬುಬಿಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ಬುಟ್ಟಿಯನ್ನು ಕೆಳಗಿಳಿಸಿ ಇನ್ನೊಂದು ಗೇಣು ಜಾಗ ಮಾಡಿದಳು.

"ಬಾರೋ ಯಪ್ಪಾ, ಹಬ್ಬದ ದಿನಾ ನಿಂತಽ ಹೋಗ್ತಿ ಏನು?"

ಬೇರೆಯವರಾಗಿದ್ದರೆ ಇರಲಿ ಬಿಡವ್ವಾ ಎನ್ನುತ್ತಿದ್ದರು. ಅವಳ ಮಾತು ಮುಗಿಯುವ ಮೊದಲೇ ಲಾಡಲೇಸಾಬ ಕೂತಿದ್ದ.

"ಯವ್ವಾ, ಬುಟ್ಟಿ ಮ್ಯಾಲ ಕಾಲ ಇಟ್ಟರ ನಡೀತದೇನು?"

"ಇಡಪಾ, ಖಾಲಿ ಅದ" ಎಂದಳು ಮಲಕವ್ವ.