ತಲೆಯಿಲ್ಲದ ಬಸವಣ್ಣನಿಗೆ ಹೇಳಿದ್ದು

ಮೊನ್ನೆ ಮಡಗಾಂವ್ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಅಗಲವಾದ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು, ಕಣ್ಣಿನ ಆಪರೇಶನ್ ಆದವರಿಗೆ ಕೊಡುತ್ತಾರಲ್ಲ, ಅಂಥದ್ದು. ನೋಡಿದ ಕೂಡಲೇ ಪಕ್ಕದ ಖೋಲಿಯ ಮಾವಶಿ ನೆನಪಾದಳು, ಆಕೆಯನ್ನು ಚಾಂದೋರಿಗೆ ಕರೆದುಕೊಂಡು ಹೋದ ಭಾನುವಾರವೂ ನೆನಪಾಯಿತು. ಅವತ್ತು ಏನೇನು ಕೆಡಬಹುದಿತ್ತು ಎಂಬುದು ನನಗೆ ಇವತ್ತಿಗೂ ಬಾಯಿಪಾಠ. ಬದಲಿಸಬೇಕಾದ ಬಸ್ಸುಗಳಲ್ಲಿ ಒಂದಾದರೂ ತಪ್ಪಬಹುದಿತ್ತು. ಮಾವಶಿ ಇಳಿಯುವಾಗ ಜಾರಬಹುದಿತ್ತು. ಮಳೆ ಬರಬಹುದಿತ್ತು, ಬರದಿದ್ದರೆ ಬಿಸಿಲಿಗೆ ತಲೆ ತಿರುಗಬಹುದಿತ್ತು. ಬುತ್ತಿಯ ಮೊಸರನ್ನ ಹುಳಿಯಾಗಬಹುದಿತ್ತು. ಅರಮನೆಯಲ್ಲಿ ನನ್ನ ಮೊಣಕೈ ತಾಗಿ ಇನ್ನೂರು ವರ್ಷದ ಪಿಂಗಾಣಿ ಒಡೆಯಬಹುದಿತ್ತು. ಯಾವುದೂ ಆಗಲಿಲ್ಲ. ಒಂದೇ ಒಂದು ಸಣ್ಣ ತೊಂದರೆಯಾಯಿತು... ನಾವು ಹುಡುಕಿಕೊಂಡು ಹೋದ ಬಸವಣ್ಣನಿಗೆ ತಲೆ ಇರಲಿಲ್ಲ.

ಅದು ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುತ್ತಿದ್ದ ಆಕೆ ಗದಗದ ಕಡೆಯವಳು, ಗಂಡ ತೀರಿಕೊಂಡಿದ್ದ. ಹರೆಯದಲ್ಲಿ ದಾಬೋಲಿಮ್‌ನಲ್ಲಿ ಕಟ್ಟಡದ ಕೆಲಸ ಮಾಡುವಾಗ ಸುಣ್ಣ ಸಿಡಿದು ಆಕೆಯ ಬಲಗಣ್ಣು ಹೋಗಿತ್ತು. ಆಮೇಲೆ ನಮ್ಮ ಬಾಡಿಗೆ ಖೋಲಿಗಳ ಸಾಲಿಗೆ ಬಂದು, ಊರಿನ ಊಟವಿಲ್ಲದೆ ಸೊರಗಿದ್ದ ನಮ್ಮ ಕಡೆಯ ಕಾರ್ಮಿಕರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅದೇ ಆಕೆಯ ಜೀವನ. ಈಗ ಉಳಿದ ಎಡಗಣ್ಣಿಗೂ ಮೋತಿಬಿಂದು ಬಂದು ಪೊರೆ ಕಟ್ಟಿತ್ತು. ಡಾಕ್ಟರು ಆಪರೇಶನ್ ಮಾಡೋಣ ಅಂದರು, ಇರೋದು ಒಂದೇ ಕಣ್ಣು ಅಂತಲೂ ಅಂದರು. ಆ ಎರಡನೆಯ ಮಾತು ನನ್ನ ನಿದ್ದೆ ಕೆಡಿಸಿತು. ಮಾವಶಿ ಮಾತ್ರ ಚೆನ್ನಾಗಿಯೇ ಮಲಗುತ್ತಿದ್ದಳು; ಗೋಡೆಯಾಚೆಯಿಂದ ಗೊರಕೆ ಕೇಳುತ್ತಿತ್ತು.

ಆಕೆಗೆ ಬೇಕಾಗಿದ್ದದ್ದು ಒಂದೇ. ಆಪರೇಶನ್ನಿಗೆ ಮುಂಚೆ ಬಸವಣ್ಣನ ಕಿವಿಯಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಲ್ಲಿನ ನಂದಿಯ ಕಿವಿಗೆ ಬಾಯಿಟ್ಟು, ಇನ್ನೊಬ್ಬರಿಗೆ ಕೇಳದ ಹಾಗೆ ಬೇಡಿಕೊಳ್ಳುತ್ತಾರೆ. ಯಾರಿಗಾದರೂ ಕೇಳಿಸಿತೋ, ಫಲಿಸುವುದಿಲ್ಲ. ಊರಿಗೆ ಹೋಗಿ ಬರಲು ದಿನ ಇರಲಿಲ್ಲ. ಚಾಂದೋರಿನಲ್ಲಿ ಕದಂಬರ ಕೋಟೆ ಇದ್ದ ಜಾಗದಲ್ಲಿ ಹಳೇ ಬಸವಣ್ಣ ಕೂತಿದ್ದಾನೆ, ಅದೇ ಊರಲ್ಲಿ ಅರಮನೆಗಳೂ ಇವೆ ಎಂದು ಗೋಡೆ ಕಟ್ಟುವ ಯಾರೋ ಗೌಂಡಿ ಹೇಳಿದ್ದ. ಪೂರ್ತಿ ಹೇಳಿರಲಿಲ್ಲ.

ಮೊದಲು ಅರಮನೆಗೆ ಹೋದೆವು. ಅರಮನೆ ಅಂದರೆ ಪೋರ್ತುಗೀಜರ ಕಾಲದ ಜಮೀನ್ದಾರರ ಮನೆ, ಬೀದಿಯುದ್ದಕ್ಕೂ ಕಿಟಕಿಗಳೇ. ಮನೆಯ ವಯಸ್ಸಾದ ಒಡತಿ ಫ್ರಾಕು ತೊಟ್ಟು ತಾವೇ ಮುಂದೆ ನಿಂತು ತೋರಿಸಿದರು. ನಾನು ಕೈ ಹಿಂದೆ ಕಟ್ಟಿಕೊಂಡು ಕೈದಿಯ ಹಾಗೆ ನಡೆದೆ. ಮಾವಶಿಗೆ ಸೂರಿನಿಂದ ತೂಗುವ ಗಾಜಿನ ಝೂಮರುಗಳೆಲ್ಲ ಮಂಜು ಮಂಜು. ಇಷ್ಟು ದೊಡ್ಡ ಮನೆಯಲ್ಲಿ ಒಲೆ ಎಲ್ಲಿದೆ ಕೇಳು ಅಂದಳು. ನನ್ನ ಹರಕು ಕೊಂಕಣಿಯಲ್ಲಿ ಕೇಳಿದೆ. ಒಡತಿ ನಕ್ಕು, ಆಕೆಯ ಕೈ ಹಿಡಿದು ಹಿಂದಿನ ಅಡುಗೆಮನೆಗೆ ಕರೆದೊಯ್ದರು. ಗೋಡೆಯ ಮಸಿ ಮುಟ್ಟಿ ನೋಡಿ ಮಾವಶಿ, ಹೌದು, ಇಲ್ಲಿ ಜನ ಇದ್ದಾರೆ ಎಂದು ಒಪ್ಪಿದಳು.

ಕೋಟೆಯಲ್ಲಿ ಉಳಿದದ್ದು ಹುಲ್ಲು ಬೆಳೆದ ದಿಬ್ಬ, ಒಂದಷ್ಟು ಕಲ್ಲು. ಬಸವಣ್ಣ ಬಯಲಲ್ಲೇ ಕೂತಿದ್ದ. ಮೈ ಇತ್ತು, ಕೊರಳ ಮೇಲೆ ಏನೂ ಇರಲಿಲ್ಲ. ಹೇಗೆ ಹೇಳುವುದು ಎಂದು ನಾನು ಒದ್ದಾಡುತ್ತಿರುವಾಗಲೇ ಮಾವಶಿ ಬೆನ್ನು ಸವರುತ್ತ ಕಿವಿ ಹುಡುಕಿದಳು. ಕೈ ಬೋಳು ಕಲ್ಲಿನ ಮೇಲೆ ನಿಂತಿತು.

"ರುಂಡ ಎಲ್ಲೈತಿ ತಮ್ಮಾ?"

ಯಾವ ಕಾಲದಲ್ಲೋ ಒಡೆದಿದ್ದಾರೆ ಅಂದೆ. ಆಕೆ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಬಸ್ಸಿಗೆ ಹೊತ್ತಾಗುತ್ತಿತ್ತು, ಜೀವಮಾನದಲ್ಲಿ ಮೊದಲ ಸಲ ನಾನು ಬಸ್ಸಿನ ಮಾತೆತ್ತಲಿಲ್ಲ. ಕೊನೆಗೆ, ನೀ ಆ ಕಡೆ ಹೋಗು ಅಂದಳು. ಹೋದೆ, ಆದರೆ ಬಿದ್ದರೆ ಓಡಿ ಹಿಡಿಯುವಷ್ಟು ದೂರ ಮಾತ್ರ. ಮಾವಶಿ ಕಲ್ಲಿನ ಹೆಗಲಿಗೆ ಬಾಯಿ ತಂದು, ಕಿವುಡ ಮಾವನಿಗೆ ಹೇಳುವ ಹಾಗೆ ಗಟ್ಟಿಯಾಗಿ ಒದರಿದಳು.

"ಯಪ್ಪಾ, ದೂರಿಂದು ಕಾಣಲಿಲ್ಲಂದ್ರೂ ನಡೀತೈತಿ. ಹಂಚಿನ ಮ್ಯಾಲಿನ ರೊಟ್ಟಿ ಕಾಣಬೇಕು ನನಗ. ಅಷ್ಟ ಕೊಡು."

ಒಂದಕ್ಷರ ಬಿಡದೆ ಕೇಳಿಸಿತು. ಇನ್ನು ಆಕೆಯ ಕಣ್ಣು ಹೋದರೆ ಕಾರಣ ಡಾಕ್ಟರಲ್ಲ, ನನ್ನ ಕಿವಿ. ವಾಪಸ್ ಬರುವಾಗ ಬಸ್ಸಿನಲ್ಲಿ ಆಕೆ ನಿದ್ದೆ ಮಾಡಿದಳು, ನಾನು ಬೆವೆತೆ.

ಆಪರೇಶನ್ ಸುಸೂತ್ರವಾಯಿತು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ನಿಂತು ಮಾವಶಿ ರಸ್ತೆಯಾಚೆಯ ತೆಂಗಿನ ಮರದ ಮೇಲಿನ ಕಾಗೆ ತೋರಿಸಿದಳು. ನಂತರ ನನ್ನ ಮುಖ ನೋಡಿ, ನೀ ಇಷ್ಟು ಮುದುಕನಾಗಿದ್ದು ಯಾವಾಗ ಎಂದು ಕೇಳಿದಳು.

ಡಾಕ್ಟರು ಒಪ್ಪಿದ ಮೇಲೆ ಮತ್ತೆ ಒಲೆ ಮುಂದೆ ಕೂತಳು. ಮೊದಲ ರೊಟ್ಟಿಯೇ ಸೀದು ಹೋಯಿತು. ಹೊಸ ಕಣ್ಣಿಗೆ ಕಾಗೆ ಕಾಣುತ್ತಿತ್ತು, ಕೈ ಕೆಳಗಿನ ಹಂಚು ಕಾಣುತ್ತಿರಲಿಲ್ಲ. ಕಣ್ಣಲ್ಲಿ ಕೂರಿಸುವ ಮಸೂರವೇ ಹಾಗೆ, ಹತ್ತಿರಕ್ಕೆ ಕನ್ನಡಕ ಬೇಕು ಎಂದು ಡಾಕ್ಟರು ಹೇಳಿದ್ದನ್ನು ಗಾಬರಿಯಲ್ಲಿ ಇಬ್ಬರೂ ಮರೆತಿದ್ದೆವು.

"ಅಂವ ಉಲ್ಟಾ ತಿಳ್ಕೊಂಡಾನ ನೋಡು," ಎಂದು ಮಾವಶಿ ಕೆಮ್ಮು ಬರುವ ತನಕ ನಕ್ಕಳು.

ಆಗ ತಡೆಯಲಾರದೆ, ಅವತ್ತು ನೀನು ಬೇಡಿಕೊಂಡದ್ದು ನನಗೆ ಕೇಳಿಸಿತ್ತು ಅಂದುಬಿಟ್ಟೆ. ಆಕೆ ಸೀದ ರೊಟ್ಟಿಯನ್ನು ಪಕ್ಕಕ್ಕಿಟ್ಟಳು.

"ಕೇಳ್ಲಿ ಅಂತನ ಒದರಿದೆ, ಖೋಡಿ. ಕಿವಿ ಇಲ್ಲದಾಂವಗ ಹೇಳೂಮುಂದ ಕಿವಿ ಇದ್ದಾಂವ ಒಬ್ಬ ಬಾಜೂಕ ಇರಬೇಕಲ್ಲ."

ಕನ್ನಡಕ ಹಾಕಿಕೊಂಡು ಇನ್ನೂ ಕೆಲವು ವರ್ಷ ರೊಟ್ಟಿ ಬಡಿದಳು. ಒಂದು ಬೇಸಿಗೆಯಲ್ಲಿ ತಂಗಿಯ ಮನೆಗೆಂದು ಊರಿಗೆ ಹೋದವಳು ಅಲ್ಲೇ ತೀರಿಕೊಂಡಳು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿ ವಾರಗಳೇ ಕಳೆದಿದ್ದವು... ಈಗ ಆ ಖೋಲಿಯಲ್ಲಿ ಬೇರೆ ರಾಜ್ಯದ ಹುಡುಗರಿದ್ದಾರೆ, ಒಳ್ಳೆಯವರು, ಸಂಜೆಯಾದರೆ ಟೀವಿ ಜೋರಾಗಿ ಹಚ್ಚುತ್ತಾರೆ. ನನಗೆ ಚಿಂತೆಗಳು ಕಡಿಮೆಯಾಗಿಲ್ಲ; ಬಿಪಿ ಇದೆ, ಮಗಳ ಪರೀಕ್ಷೆ ಇದೆ, ಸೋರುವ ಮಾಡು ಇದೆ. ಎಲ್ಲವನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಒದರಿದರೆ ಕೇಳಿಸಿಕೊಳ್ಳುವಷ್ಟು ದೂರದಲ್ಲಿ ಈಗ ಯಾರೂ ನಿಂತಿರುವುದಿಲ್ಲ.